ಭಾವನ ಕೊನೆಯ ಥ್ರಿಲ್ಲರ್

ಶುಕ್ರವಾರ ಬೆಳಿಗ್ಗೆ ಶ್ರೀಕಂಠ ಭಾವನ ಫೋನ್ ಬಂತೆಂದರೆ ನಾನು ಕುಶಲ ವಿಚಾರಿಸಲು ಹೋಗುವುದಿಲ್ಲ. "ಎಷ್ಟು ಗಂಟೆ ಶೋ?" ಎನ್ನುತ್ತೇನೆ. ಆ ಕಡೆ ದನಿ ತಗ್ಗುತ್ತದೆ. ಅಕ್ಕ ಅಡುಗೆಮನೆಯಲ್ಲಿದ್ದಾಳೆ ಎಂದು ಅರ್ಥ.

"ಒಂದೂವರೆಗೆ ಕಣೋ. ನಿಮ್ಮಕ್ಕನಿಗೆ ಬ್ಯಾಂಕಿಗೆ ಹೋಗ್ತೀನಿ ಅಂದಿದ್ದೀನಿ, ಲೈಫ್ ಸರ್ಟಿಫಿಕೇಟ್ ಕೊಡೋಕೆ."

ಪಿಂಚಣಿದಾರರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಸಾಬೀತು ಮಾಡಿದರೆ ಸಾಕು. ಆಗಸ್ಟ್ ಮುಗಿಯುವಷ್ಟರಲ್ಲಿ ಭಾವ ಏಳು ಸಲ ಬದುಕಿದ್ದರು.

ಇಂಥವರೊಬ್ಬರು ಎಲ್ಲರ ಮನೆಯಲ್ಲೂ ಇರುತ್ತಾರೆ. ಕೊಲೆಗಾರ ಯಾರೆಂದು ಇಂಟರ್‌ವಲ್‌ಗೆ ಮುಂಚೆಯೇ ಹೇಳಿಬಿಡುತ್ತಾರೆ. ಹೇಳಿದ್ದು ನಿಜವಾದರೆ "ಇಷ್ಟೇನಾ" ಎನ್ನುತ್ತಾರೆ. ಸುಳ್ಳಾದರೆ "ಡೈರೆಕ್ಟರ್ ಮೋಸ ಮಾಡಿದ" ಎನ್ನುತ್ತಾರೆ. ಅಂತೂ ಥಿಯೇಟರಿನಿಂದ ನಗುತ್ತಾ ಹೊರಬರುವ ದಾರಿಯನ್ನೇ ಅವರು ಇಟ್ಟುಕೊಂಡಿರುವುದಿಲ್ಲ. ಪ್ರತಿ ಚಿತ್ರ ಮುಗಿದಾಗಲೂ ಭಾವ ನನ್ನ ಭುಜ ಹಿಡಿದು "ಇದೇ ಕೊನೆ ಕಣೋ, ಇನ್ನು ಥ್ರಿಲ್ಲರ್ ಸಹವಾಸ ಬೇಡ" ಎನ್ನುತ್ತಾರೆ. ಮುಂದಿನ ಶುಕ್ರವಾರ ಮತ್ತೆ ಫೋನ್.

ನಮ್ಮ ಭಾವನ ಹತ್ತಿರ ಉಳಿದವರಿಗಿಲ್ಲದ ಒಂದು ಆಯುಧವೂ ಇದೆ. 37 ವರ್ಷ ಬ್ಯಾಂಕಿನಲ್ಲಿದ್ದು, ಹೆಡ್ ಕ್ಯಾಷಿಯರಾಗಿ ನಿವೃತ್ತರಾದವರು. ಸ್ಟ್ರಾಂಗ್‌ರೂಮಿಗೆ ಎರಡು ಕೀಲಿ. ಒಂದು ಇವರ ಬಳಿ, ಇನ್ನೊಂದು ಮ್ಯಾನೇಜರ್ ಬಳಿ. ಎರಡೂ ಸೇರದೆ ಬಾಗಿಲು ಬಾಯಿ ಬಿಡುವುದಿಲ್ಲ. ಹೀಗಾಗಿ ಬೆಳ್ಳಿತೆರೆಯ ಮೇಲೆ ಯಾವ ತಿಜೋರಿ ಒಡೆದರೂ ಅದು ಭಾವನ ಸ್ವಂತ ತಿಜೋರಿ ಒಡೆದಂತೆ.

ಮೊನ್ನೆಯದು ಹಳೇ ಕೈದಿಗಳ ಕಥೆ. ಸ್ವಾತಂತ್ರ್ಯ ದಿನಾಚರಣೆಯಂದು ಸನ್ನಡತೆಯ ಮೇಲೆ ಮೂವರು ಪರಪ್ಪನ ಅಗ್ರಹಾರದಿಂದ ಬಿಡುಗಡೆಯಾಗುತ್ತಾರೆ. ದೊಡ್ಡ ಗೇಟಿನೊಳಗಿನ ಪುಟ್ಟ ಬಾಗಿಲಿಂದ ತಲೆ ಬಗ್ಗಿಸಿ ಹೊರಬಂದು, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಾರೆ.

"ಈಗ ಕಪ್ಪು ಕಾರು ಬರುತ್ತೆ ನೋಡು," ಅಂದರು ಭಾವ.

ಕಪ್ಪು ಕಾರು ಬಂತು.

"ಅವನಿಗೊಬ್ಬ ತಂಗಿ ಇರ್ತಾಳೆ. ಅವಳಿಗೆ ಆಪರೇಷನ್."

ತಂಗಿ ಬಂದಳು. ಕೆಮ್ಮಿದಳು. ಮುಂದಿನ ಸೀಟಿನ ಹುಡುಗ ತಿರುಗಿ, "ಅಂಕಲ್, ನೀವು ಮೊದಲೇ ನೋಡಿದ್ದೀರಾ?" ಎಂದ. ಭಾವ ಹೆಮ್ಮೆಯಿಂದ, "ಇಲ್ಲಪ್ಪಾ, ಮೂವತ್ತು ಸಲ ನೋಡಿದ್ದೀನಿ, ಬೇರೆ ಬೇರೆ ಹೆಸರಲ್ಲಿ" ಅಂದರು.

ಇಂಟರ್‌ವಲ್‌ ಮುಗಿದ ಮೇಲೆ ದರೋಡೆ. ನಾಯಕ ಇಪ್ಪತ್ತು ಕೋಟಿ ರೂಪಾಯಿಯನ್ನು ಒಂದು ಬ್ಯಾಗಿಗೆ ತುಂಬಿ, ಹೆಗಲಿಗೇರಿಸಿ, ಕಾಂಪೌಂಡ್ ಹಾರಿದ. ಶಿಳ್ಳೆ ಬಿತ್ತು. ನಾನು ಭಾವನ ಕಡೆ ನೋಡಿದೆ. ಅವರ ಹೆಬ್ಬೆರಳು ತೊಡೆಯ ಮೇಲೆ ಸರಸರ ಓಡುತ್ತಿತ್ತು. ಕಾಣದ ನೋಟು ಎಣಿಸುವಾಗ ಅದು ಹಾಗೆ ಓಡುತ್ತದೆ. ನಿವೃತ್ತರಾಗಿ ಆರು ವರ್ಷವಾದರೂ ರದ್ದಿಯವನಿಗೆ ಪೇಪರ್ ಕೊಡುವಾಗ ಬೆರಳು ಒದ್ದೆ ಮಾಡಿಕೊಂಡು, ನೂರಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾರೆ. ರದ್ದಿಯವನು ಪಾಪ, ತೂಕಕ್ಕೆ ಕೊಳ್ಳುವವನು.

"ನಾನೂರು ಕೆಜಿ," ಅಂದರು ಭಾವ.

"ಏನು ಭಾವ?"

"ಅವನ ಹೆಗಲ ಮೇಲಿರೋದು. ಎರಡು ಸಾವಿರದ ನೋಟು 2023ರಲ್ಲೇ ವಾಪಸ್ ತಗೊಂಡಾಯ್ತು. ಇರೋದು ಐನೂರರದ್ದು. ಸಾವಿರ ನೋಟಿನ ಒಂದು ಕಟ್ಟು ಅಂದ್ರೆ ಐದು ಲಕ್ಷ, ತೂಕ ಹೆಚ್ಚುಕಮ್ಮಿ ಒಂದು ಕೆಜಿ. ಇಪ್ಪತ್ತು ಕೋಟಿಗೆ ಎಷ್ಟು ಕಟ್ಟು? ನಾನೂರು! ಇಪ್ಪತ್ತೈದು ಕೆಜಿದು ಹದಿನಾರು ಮೂಟೆ ಸೋನಾಮಸೂರಿ ಹೊತ್ತು ಗೋಡೆ ಹಾರಿದ್ದಾನೆ ನಿಮ್ಮ ಹೀರೋ. ಅವನಿಗೆ ಕಳ್ಳತನ ಯಾಕೆ ಬೇಕು? ಯಶವಂತಪುರ ಎಪಿಎಂಸಿಯಲ್ಲಿ ಹಮಾಲಿ ಮಾಡಿದ್ರೆ ತಂಗಿ ಆಪರೇಷನ್ ಆಗ್ತಿರಲಿಲ್ವಾ?"

ಆ ಮೇಲೆ ಚಿತ್ರ ನನಗೂ ಮುಗಿದೇಹೋಯಿತು. ನಾಯಕ ಗೋಳಾಡಿದಾಗಲೆಲ್ಲ ನನಗೆ ಅಕ್ಕಿಮೂಟೆಯೇ ಕಾಣುತ್ತಿತ್ತು.

ಹೊರಗೆ ಬಂದು ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತಾಗ ಭಾವನ ಪಾಠ ಶುರು. ಹಿಂದೆಂದೋ ಫಿಲ್ಮ್ ಸೊಸೈಟಿಯೊಂದರಲ್ಲಿ ಅವರು 'ರಿಫಿಫಿ' ನೋಡಿದ್ದರು. ಜೂಲ್ಸ್ ಡಾಸಿನ್ 1955ರಲ್ಲಿ ಫ್ರಾನ್ಸಿನಲ್ಲಿ ಮಾಡಿದ ಚಿತ್ರ. ಅಲ್ಲಿಯೂ ಐದು ವರ್ಷ ಜೈಲಲ್ಲಿದ್ದು ಬಂದ ಹಳೇ ಕಳ್ಳ, ಅಲ್ಲಿಯೂ ಮತ್ತದೇ ಕಸುಬು.

"ಆದ್ರೆ ಕೆಲಸ ನೋಡು! ಅರ್ಧ ಗಂಟೆ ದರೋಡೆ. ಒಂದು ಮಾತಿಲ್ಲ, ಮ್ಯೂಸಿಕ್ ಇಲ್ಲ. ಒಡವೆ ಅಂಗಡಿ ಮೇಲಿನ ಮನೆಯಿಂದ ನೆಲ ಕೊರೀತಾರೆ. ಸ್ವಲ್ಪ ಅದುರಿದ್ರೂ ಅಲಾರಾಂ. ಗಾರೆ ಚೂರು ಕೆಳಗೆ ಬಿದ್ರೆ ಕಥೆ ಮುಗೀತು. ಏನು ಮಾಡಿದ್ರು ಹೇಳು?" ಭಾವ ಕಂಕುಳಲ್ಲಿದ್ದ ಕೊಡೆಯನ್ನು ತೆಗೆದು, ಮುಚ್ಚಿದಂತೆಯೇ ತಲೆಕೆಳಗಾಗಿ ಹಿಡಿದು, ನಿಧಾನವಾಗಿ ಇಳಿಸಿ, ಟಪ್ಪನೆ ಬಿಚ್ಚಿದರು. "ಹಿಂಗೆ! ತೂತಿನಲ್ಲಿ ಕೊಡೆ ತೂರಿಸಿ ಬಿಚ್ಚಿದ್ರು. ಗಾರೆ ಎಲ್ಲಾ ಕೊಡೆಗೆ ಬಿತ್ತು!"

ಕೊಡೆಗೆ ಆಗ ಬಿದ್ದದ್ದು ಪಕ್ಕದವರ ಕಾಫಿ. ಕ್ಷಮೆ ಕೇಳಿ, ಒರೆಸಿ, ಇನ್ನೊಂದು ಬೈಟು ಹೇಳಿ, ಭಾವ ಕುಬ್ರಿಕ್‌ಗೆ ಬಂದರು. 1956ರ 'ದಿ ಕಿಲ್ಲಿಂಗ್'. ಅದರಲ್ಲೂ ಜೈಲಿನಿಂದ ಬಂದವನೇ ಗಡಿಯಾರ ಹಿಡಿದು ರೇಸ್‌ಕೋರ್ಸ್ ದೋಚುತ್ತಾನೆ. ಎಲ್ಲ ಸರಿಯಾಗಿ, ಇನ್ನೇನು ವಿಮಾನ ಹತ್ತಬೇಕು. ಯಾರದೋ ಪುಟ್ಟ ನಾಯಿ ಅಡ್ಡ ಓಡಿ, ಸಾಮಾನಿನ ಗಾಡಿಯಿಂದ ಸೂಟ್‌ಕೇಸ್ ಬಿದ್ದು, ಬಾಯಿ ತೆರೆದು, ನೋಟೆಲ್ಲ ಗಾಳಿಗೆ.

"ದೊಡ್ಡ ತಪ್ಪಿಂದ ಯಾರೂ ಸಿಕ್ಕಿಬೀಳಲ್ಲ ಕಣೋ. ಸಣ್ಣದು ಮರೀತೀವಲ್ಲ, ಅದರಿಂದ."

ನಡೆಯುತ್ತಾ ಫ್ರೀಡಂ ಪಾರ್ಕಿನ ಗೋಡೆಯ ಬಳಿ ಬಂದೆವು. ಒಂದು ಕಾಲಕ್ಕೆ ಇದೇ ಸೆಂಟ್ರಲ್ ಜೈಲು. ಈಗ ಒಳಗೆ ಜನ ವಾಕಿಂಗ್ ಮಾಡುತ್ತಾರೆ, ಧರಣಿ ಕೂರುತ್ತಾರೆ. ಜೈಲೇ ಸುಧಾರಿಸಿ ಪಾರ್ಕಾಗಿದೆ. ಭಾವ ಅಲ್ಲಿ ನಿಂತು ಗಂಭೀರವಾದರು.

"ತಂಗಿ ಆಪರೇಷನ್ ಅಂತೆ. ಅದಲ್ಲ ಕಣೋ ಕಾರಣ. ಹೊರಗೆ ಬಂದವನಿಗೆ ಬಾಡಿಗೆ ಮನೆ ಯಾರು ಕೊಡ್ತಾರೆ? ಏರಿಯಾದಲ್ಲಿ ಯಾವ ಬೀಗ ಮುರಿದ್ರೂ ಸ್ಟೇಷನ್ನಿಗೆ ಮೊದಲು ಇವನನ್ನೇ ಕರೆಸ್ತಾರೆ. ಹುಲುಗಪ್ಪ ಕಟ್ಟೀಮನಿ ಮೈಸೂರು ಜೈಲಿನ ಕೈದಿಗಳ ಕೈಲಿ ನಾಟಕ ಮಾಡಿಸಿದ್ರು. ಮನುಷ್ಯನಿಗೆ ಇನ್ನೊಂದು ಕೆಲಸ ಕೊಟ್ರೆ ಮಾಡ್ತಾನೆ. ಕೊಡದಿದ್ರೆ, ಕೈಗೆ ಗೊತ್ತಿರೋದು ಒಂದೇ ಕೆಲಸ. ಕೈ ಸುಮ್ನಿರುತ್ತಾ?"

ಹೇಳುತ್ತಿರುವಾಗಲೂ ಅವರ ಹೆಬ್ಬೆರಳು ತೋರುಬೆರಳಿನ ಮೇಲೆ ಓಡುತ್ತಲೇ ಇತ್ತು. ನಾನು ಏನೂ ಹೇಳಲಿಲ್ಲ. ಎರಡೂವರೆ ಗಂಟೆಯ ಚಿತ್ರ ಹೇಳಲಾಗದ್ದನ್ನು ಭಾವ ಫುಟ್‌ಪಾತಿನಲ್ಲಿ ಒಂದೇ ನಿಮಿಷದಲ್ಲಿ ಹೇಳಿದ್ದರು. ಆಮೇಲೆ ಎಂದಿನಂತೆ ಭುಜ ಹಿಡಿದು, "ಇದೇ ಕೊನೆ" ಅಂದರು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಲೈಫ್ ಸರ್ಟಿಫಿಕೇಟ್ ಕೊಟ್ರಾ?"

"ಹ್ಞೂಂ. ರಶ್ಶು."

"ಕೊಡೆ ಎಲ್ಲಿ?"

ಭಾವನ ಕೈ ತಾನಾಗಿಯೇ ಕಂಕುಳಿಗೆ ಹೋಯಿತು. ಅಲ್ಲಿ ಕೊಡೆ ಇರಲಿಲ್ಲ. ಒಣಗಲೆಂದು ಅದನ್ನು ದರ್ಶಿನಿಯ ಕಟ್ಟೆಗೆ ಒರಗಿಸಿದ್ದು ನನಗೀಗ ನೆನಪಾಯಿತು. ಕುಬ್ರಿಕ್‌ಗೆ ನಾಯಿ, ನಮಗೆ ಕೊಡೆ.

"ಬ್ಯಾಂಕಲ್ಲಿ..." ಎಂದರು ಭಾವ.

"ಯಾವ ಬ್ಯಾಂಕಲ್ಲಿ ಪಾಪ್‌ಕಾರ್ನ್ ಕೊಡ್ತಾರೆ?" ಎನ್ನುತ್ತಾ ಅಕ್ಕ ಅವರ ಅಂಗಿಯ ಜೇಬಿಗೆ ಅಂಟಿದ್ದ ಒಂದು ಕಾಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ನನ್ನ ಕಡೆಗೂ ಒಂದು ನೋಟ ಬಂತು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಶನಿವಾರ ಬೆಳಿಗ್ಗೆ ಅಕ್ಕನೇ ಭಾವನನ್ನು ಕೊಡೆ ತರಲು ಕಳಿಸಿದಳು. ಹೋಗಿ ಬರಲು ಒಂದು ಗಂಟೆ ಸಾಕು. ಮಧ್ಯಾಹ್ನ ಮೂರು ಗಂಟೆಗೆ ನನಗೆ ಫೋನ್ ಬಂತು. ದನಿ ತಗ್ಗಿತ್ತು, ಹಿಂದೆ ಜನ ಸಮೋಸ ಕೇಳುವ ಗದ್ದಲ.

"ಕೊಡೆ ಸಿಕ್ತು ಕಣೋ. ಪಕ್ಕದ ಥಿಯೇಟರಲ್ಲಿ ಇನ್ನೊಂದು ಹಾಕಿದ್ರು. ಇಂಟರ್‌ವಲ್ ಆಯ್ತು ಈಗ. ಇದೂ ದಂಡ."