‘ಹ್ಞೂಂ’ ಎಂದರೆ ನಿಲ್ಲಬೇಡಿ, ‘ಅಲ್ಲ’ ಎಂದರೆ ನಿಲ್ಲಿ

ಫೋನಿನಲ್ಲಿ ಕನ್ನಡ ಮಾತಾಡುವ ಯಂತ್ರಗಳನ್ನು ರೂಪಿಸುತ್ತಿರುವ ಎಂಜಿನಿಯರ್‌ಗಳಿಗೆ, ನೊಣವಿನಕೆರೆಯಿಂದ ನಮಸ್ಕಾರ.

ನಿಮ್ಮ ಯಂತ್ರದ ಉಚ್ಚಾರಣೆ ಸ್ಪಷ್ಟವಾಗಿದೆ, ದನಿ ಹಿತವಾಗಿದೆ. ಆದರೆ ತಾನು ಮಾತಾಡುವಾಗ ಎದುರಿನವರನ್ನು ಕೇಳಿಸಿಕೊಳ್ಳುವುದು ಅದಕ್ಕಿನ್ನೂ ಬಂದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಿರಿಯರು ಬಾಯಿ ಮುಚ್ಚಿಕೊಂಡು ಕೇಳುವವರಲ್ಲ. ‘ಹ್ಞೂಂ’, ‘ಹೌದಾ’, ‘ಆಮೇಲೆ?’ ಎನ್ನುತ್ತಲೇ ಕೇಳುತ್ತಾರೆ. ಹ್ಞೂಂಗುಟ್ಟುವುದು ನಿಂತರೆ ಕತೆ ಹೇಳುವ ಅಜ್ಜಿಯೂ ‘ಮಲಗಿಬಿಟ್ಯಾ?’ ಎನ್ನುತ್ತಾಳೆ. ನಿಮ್ಮ ಯಂತ್ರ ಮಾತ್ರ ಆ ‘ಹ್ಞೂಂ’ ಕಿವಿಗೆ ಬಿದ್ದೊಡನೆ ತಡವರಿಸಿ ನಿಲ್ಲುತ್ತದೆ, ‘ಕ್ಷಮಿಸಿ, ಅರ್ಥವಾಗಲಿಲ್ಲ’ ಎಂದು ಮೊದಲಿನಿಂದ ಶುರುಮಾಡುತ್ತದೆ. ದನಿ ಬಂತೋ ಇಲ್ಲವೋ ಎಂದಷ್ಟೇ ನೋಡಿ, ಬಂದ ದನಿಯನ್ನೆಲ್ಲ ಅಡ್ಡಮಾತು ಎಂದುಕೊಂಡರೆ ಆಗುವುದು ಹೀಗೆಯೇ. ಸ್ಪೀಕರ್ ಹಾಕಿದ ಫೋನು, ಪಕ್ಕದಲ್ಲಿ ಪಂಪ್‌ಸೆಟ್ಟು, ಒಳಗಿನಿಂದ ಯಾರೋ ಕೂಗಿದ್ದು, ಎಲ್ಲವೂ ಅದರ ಪಾಲಿಗೆ ಗ್ರಾಹಕರ ಮಾತೇ. ಪ್ರತಿಧ್ವನಿಯನ್ನು ಸರಿಯಾಗಿ ಕಳೆಯದಿದ್ದರೆ ತನ್ನದೇ ದನಿ ಮೈಕಿಗೆ ವಾಪಸು ಬಂದು ತನ್ನನ್ನೇ ತಡೆಯುತ್ತದೆ.

ಇನ್ನು ನಿಜವಾಗಿ ತಡೆಯಬೇಕಾದಾಗ? 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ, ಮಿಲ್ಲಿಂಗ್ ಕೊಬ್ಬರಿಗೆ 11,582 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ನಮ್ಮದು ಉಂಡೆ ಕೊಬ್ಬರಿಯ ಸೀಮೆ. ಬೆಲೆ ಕೇಳಲು ಕರೆ ಮಾಡಿದಾಗ ಯಂತ್ರ ಮಿಲ್ಲಿಂಗ್ ಕೊಬ್ಬರಿಯ ವಿವರ ಶುರುಮಾಡಿದರೆ ರೈತ ‘ಅಲ್ಲ, ಉಂಡೆ’ ಎನ್ನುತ್ತಾನೆ. ಆ ಕರೆಯಲ್ಲಿ ಬೆಲೆಬಾಳುವ ಮಾತೆಂದರೆ ಅವೆರಡೇ. ಅವನ್ನು ಕೇಳಿಸಿಕೊಳ್ಳದೆ ಪಾಠ ಒಪ್ಪಿಸುವ ಯಂತ್ರ ಅವನ ಹೊತ್ತನ್ನೂ ತಾಳ್ಮೆಯನ್ನೂ ತಿನ್ನುತ್ತದೆ. ಬಟನ್ ಫೋನಿನವರ ಪಾಡು ಇನ್ನೂ ಕಷ್ಟ. ಅಂಕಿ ಒತ್ತಲು ಫೋನನ್ನು ಕಿವಿಯಿಂದ ತೆಗೆದ ಗಳಿಗೆಯಲ್ಲೇ ಮುಂದಿನ ಸೂಚನೆ ದಾಟಿಹೋಗಿರುತ್ತದೆ.

ಯಾವ ದನಿಗೆ ನಿಲ್ಲಬೇಕು ಎಂಬುದು ಬಗೆಹರಿಯದ ಸಮಸ್ಯೆ ಎಂದು ಹೇಳಬೇಡಿ. 2004ರ ಮಾರ್ಚಿನಲ್ಲೇ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಪ್ರಕಟಿಸಿದ, ಧ್ವನಿ ಸಂವಾದಗಳಿಗೆಂದೇ ಇರುವ ವಾಯ್ಸ್‌ಎಕ್ಸ್‌ಎಂಎಲ್ 2.0 ಮಾನದಂಡದಲ್ಲಿ ಇದಕ್ಕೆ ಎರಡು ದಾರಿಗಳಿದ್ದವು: ಯಾವುದೇ ಮಾತು ಕೇಳಿದರೂ ನಿಲ್ಲುವುದು ಒಂದು, ಗೊತ್ತುಪಡಿಸಿದ ಮಾತು ಕೇಳಿದರೆ ಮಾತ್ರ ನಿಲ್ಲುವುದು ಇನ್ನೊಂದು. 2024ರಲ್ಲಿ ಫ್ರಾನ್ಸಿನ ಕ್ಯುಟೈ ಪ್ರಯೋಗಾಲಯ ತೋರಿಸಿದ ‘ಮೋಶಿ’ ಎಂಬ ಮಾತಿನ ಯಂತ್ರ ಮಾತಾಡುತ್ತಲೇ ಕೇಳಿಸಿಕೊಳ್ಳುವಂತೆ ರೂಪುಗೊಂಡದ್ದು. ನಮ್ಮ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಅಲ್ಲಾಡಿಸಿದರೆ, ಒಳಗಿರುವುದು ನೀರೋ ಬಿಡಿಸಿಕೊಂಡ ಕೊಬ್ಬರಿಯೋ ಎಂದು ಸದ್ದಿನಿಂದಲೇ ಹೇಳುವವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಸದ್ದಿಗೂ ಸದ್ದಿಗೂ ಇರುವ ಆ ವ್ಯತ್ಯಾಸವನ್ನು ನಿಮ್ಮ ಯಂತ್ರಕ್ಕೂ ಕಲಿಸಬಹುದು. ಅದಕ್ಕೆ ಸ್ಟುಡಿಯೋದಲ್ಲಿ ಓದಿಸಿದ ಕನ್ನಡ ಸಾಲದು, ತೋಟದಲ್ಲಿ ನಿಂತು ಆಡಿದ ಕನ್ನಡ ಬೇಕು. ಒಪ್ಪಿಗೆ ಪಡೆದು, ಕೂಲಿ ಕೊಟ್ಟು ಆ ದನಿಗಳನ್ನು ಸಂಗ್ರಹಿಸಿ.

ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ತೊಡಕಿದೆ. ರೈತ ನಡುವೆ ತಡೆದಾಗ ಅವನ ಕಿವಿಗೆ ಬಿದ್ದಿರುವುದು ಅರ್ಧ ವಾಕ್ಯ. ಯಂತ್ರದ ದಾಖಲೆಯಲ್ಲಿ ಇಡೀ ವಾಕ್ಯ ಹೇಳಿ ಮುಗಿದಿರುತ್ತದೆ. ಕೊನೆಯ ದಿನಾಂಕ ಆ ಉಳಿದರ್ಧದಲ್ಲಿದ್ದರೆ ಅವನಿಗೆ ಅದು ಗೊತ್ತಾಗುವುದೇ ಇಲ್ಲ, ಯಂತ್ರ ತಿಳಿಸಿಯಾಯಿತು ಎಂದುಕೊಳ್ಳುತ್ತದೆ. ಎಲ್ಲಿ ತಡೆದರೋ ಅಲ್ಲಿಗೇ ದಾಖಲೆಯನ್ನೂ ಕತ್ತರಿಸಿ.

ತಡೆಯಲಾಗದ ಮಾತು ಬೇಕಾದ ಜಾಗವೂ ಇದೆ. ಸಾಲದ ಷರತ್ತು, ಖಾತೆಯಿಂದ ಕಡಿತವಾಗುವ ಮೊತ್ತ, ಒಪ್ಪಿಗೆಯ ಪ್ರಶ್ನೆ, ಇವನ್ನು ಪೂರ್ತಿ ಕೇಳಿಸಿ. ಜಾಹೀರಾತಿಗೆ ಮಾತ್ರ ಆ ಬೀಗ ಹಾಕಬೇಡಿ.

2004ರ ಜನವರಿಯಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್‌ನಲ್ಲಿ ರೈತರ ಪ್ರಶ್ನೆಗೆ ಉತ್ತರಿಸಲು ಅವರದೇ ಭಾಷೆಯ ಮನುಷ್ಯರನ್ನು ಕೂರಿಸಿದರು. ‘ಇರಿ ಸ್ವಾಮಿ, ನಾನು ಕೇಳಿದ್ದು ಅದಲ್ಲ’ ಎಂದರೆ ಮನುಷ್ಯರಿಗೆ ತಿಳಿಯುತ್ತದೆ. ನಿಮ್ಮ ಯಂತ್ರ ಅಷ್ಟನ್ನು ಕಲಿಯುವವರೆಗೆ, ‘ಅಲ್ಲ’ ಎಂದು ಎರಡನೇ ಸಲ ಕೇಳಿದ ತಕ್ಷಣ ಕರೆಯನ್ನು ಮನುಷ್ಯರಿಗೆ ದಾಟಿಸಿ.

ಇತಿ,
ನೊಣವಿನಕೆರೆಯ ಒಬ್ಬ ತೆಂಗು ಬೆಳೆಗಾರ