ಸೋಲಿಗೊಬ್ಬ ವಾರಸುದಾರ ಬೇಕಾಗಿದ್ದಾನೆ

2024ರಲ್ಲಿ ಸೋತ ಕಮಲಾ ಹ್ಯಾರಿಸ್ ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೋ ಬೇಡವೋ ಎಂದು ಅಮೆರಿಕದ ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. 1960ರಲ್ಲಿ ಸೋತ ನಿಕ್ಸನ್ 1968ರಲ್ಲಿ ಗೆದ್ದಿದ್ದರು, 2020ರಲ್ಲಿ ಸೋತ ಟ್ರಂಪ್ 2024ರಲ್ಲಿ ಗೆದ್ದರು ಎಂದು ಲೆಕ್ಕ ಹಾಕುತ್ತಾರೆ. ಇಷ್ಟಕ್ಕೆಲ್ಲ ಚರ್ಚೆಯೇ? ಹೊಸಪೇಟೆಯಲ್ಲಿ ಒಂದು ಪ್ಲೇಟು ವಗ್ಗರಣಿ, ಎರಡು ಮಿರ್ಚಿ ಖಾಲಿಯಾಗುವಷ್ಟರಲ್ಲಿ ತೀರ್ಮಾನವಾಗುವ ವಿಷಯ. ಸೋತವರು ಮತ್ತೆ ನಿಲ್ಲಬೇಕೇ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಯಾಕೆಂದರೆ ನಮ್ಮ ಕಡೆ ಇದುವರೆಗೆ ಯಾರೂ ಸೋತೇ ಇಲ್ಲ.

ಸಂಡೂರನ್ನೇ ನೋಡಿ. ನಾಲ್ಕು ಸಲ ಶಾಸಕರಾದ ಇ. ತುಕಾರಾಂ 2024ರಲ್ಲಿ ಬಿ. ಶ್ರೀರಾಮುಲು ಅವರನ್ನು ಸೋಲಿಸಿ ದಿಲ್ಲಿಗೆ ಹೋದರು. ತೆರವಾದ ಸೀಟಿಗೆ ನವೆಂಬರಿನಲ್ಲಿ ಉಪಚುನಾವಣೆ ನಡೆದು ಅವರ ಪತ್ನಿ ಅನ್ನಪೂರ್ಣ ಗೆದ್ದರು. ಕ್ಷೇತ್ರ ಮನೆಯಲ್ಲೇ ಉಳಿಯಿತು. ಎದುರು ಸೋತವರು ಬಿಜೆಪಿಯ ಬಂಗಾರು ಹನುಮಂತು. ಆದರೆ 2025ರ ಜನವರಿಯಲ್ಲಿ ಆ ಸೋಲಿಗಾಗಿ ಬಹಿರಂಗವಾಗಿ ಕಚ್ಚಾಡಿದವರು ಅದೇ ಪಕ್ಷದ ಗೆಳೆಯರಾದ ಶ್ರೀರಾಮುಲು ಮತ್ತು ಜನಾರ್ದನ ರೆಡ್ಡಿ! ನಾನಲ್ಲ, ನೀನು, ನೀನಲ್ಲ, ಅವನು. ನಿಂತು ಸೋತವರ ಹೆಸರು ಆ ಗದ್ದಲದಲ್ಲಿ ಯಾರಿಗೂ ಬೇಕಾಗಲಿಲ್ಲ. ಗೆಲುವಿಗೆ ಮನೆಯೊಳಗೇ ವಾರಸುದಾರರು ಸಿಗುತ್ತಾರೆ, ಸೋಲು ಮಾತ್ರ ಅನಾಥ.

ಹೊಸಪೇಟೆಯಲ್ಲಿ ಇನ್ನೂ ನಾಜೂಕಿನ ವ್ಯವಸ್ಥೆ. 2018ರಲ್ಲಿ ಕೈ ಹಿಡಿದು ಗೆದ್ದವರು ಆನಂದ್ ಸಿಂಗ್, ಕಮಲ ಹಿಡಿದು ಸೋತವರು ಎಚ್.ಆರ್. ಗವಿಯಪ್ಪ. 2023ರ ಹೊತ್ತಿಗೆ ಕಮಲ ಸಿಂಗ್ ಅವರ ಮನೆಯಲ್ಲಿತ್ತು, ಕೈ ಗವಿಯಪ್ಪನವರ ಹತ್ತಿರ ಇತ್ತು. ಮತದಾರ ಕೈಗೇ ಒತ್ತಿದ; ಗವಿಯಪ್ಪ ಗೆದ್ದರು. ಹಾಗಾದರೆ 2018ರಲ್ಲಿ ಸೋತವರು ಯಾರು, ವ್ಯಕ್ತಿಯೋ ಚಿಹ್ನೆಯೋ? ಉತ್ತರ ಗೊತ್ತಾದವರು ತಿಳಿಸಿ. ಇನ್ನು 2021ರಲ್ಲಿ ಹೊಸಪೇಟೆಯನ್ನು ಜಿಲ್ಲಾ ಕೇಂದ್ರ ಮಾಡಿಸಿದ ಆನಂದ್ ಸಿಂಗ್ 2023ರಲ್ಲಿ ತಾವು ನಿಲ್ಲದೆ ಮಗ ಸಿದ್ಧಾರ್ಥರನ್ನು ನಿಲ್ಲಿಸಿದರು. ಹೀಗಾಗಿ ಜಿಲ್ಲೆ ತಂದ ಕೀರ್ತಿ ಅಪ್ಪನಿಗೆ, ಸೋಲು ಮಗನಿಗೆ. ಆಸ್ತಿ ಹಂಚುವಾಗಲಾದರೂ ಪಾಲು ಸರಿಯಿದೆಯೇ ಎಂದು ನೋಡುತ್ತಾರೆ.

ಈ ಲೆಕ್ಕದಲ್ಲಿ ಕಂಪ್ಲಿಯ ಟಿ.ಎಚ್. ಸುರೇಶ್ ಬಾಬು ಎಷ್ಟೋ ವಾಸಿ. 2018ರಲ್ಲೂ 2023ರಲ್ಲೂ ಅದೇ ಊರಲ್ಲಿ, ಅದೇ ಜೆ.ಎನ್. ಗಣೇಶ್ ಎದುರು, ಸ್ವಂತ ಹೆಸರಲ್ಲೇ ಸೋತರು.

ಹಾಗೆ ನೋಡಿದರೆ ಸೋತವರಿಗೆ ನಮ್ಮಲ್ಲಿ ಕೊರತೆಯೇನಿಲ್ಲ. ಗೃಹಪ್ರವೇಶ, ಜಾತ್ರೆ, ಕ್ರಿಕೆಟ್ ಟೂರ್ನಮೆಂಟ್, ಯಾವ ಫ್ಲೆಕ್ಸ್ ನೋಡಿದರೂ ಮೂಲೆಯಲ್ಲಿ ಕೈಮುಗಿದ ಒಂದು ಮುಖ, ಕೆಳಗೆ ‘ಪರಾಜಿತ ಅಭ್ಯರ್ಥಿ’ ಎಂಬ ಬಿರುದು. ಅವರ ಪಕ್ಷದ್ದೇ ಸರ್ಕಾರವಿದ್ದರೆ ಕೇಳುವುದೇ ಬೇಡ. ವರ್ಗಾವಣೆಯ ಚೀಟಿ, ಗುತ್ತಿಗೆಯ ಫೋನು, ಭೂಮಿಪೂಜೆಯ ಗುದ್ದಲಿ, ಎಲ್ಲಕ್ಕೂ ಅವರೇ ಬೇಕು. ಗೆದ್ದು ವಿರೋಧ ಪಕ್ಷದಲ್ಲಿ ಕೂರುವುದಕ್ಕಿಂತ ಸೋತು ಆಡಳಿತ ಪಕ್ಷದಲ್ಲಿರುವುದೇ ಲಾಭ ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. “ಅಣ್ಣಾ, ಅವ್ರು ಮತ್ತ ನಿಂದರಬೇಕಾ?” ಎಂದು ಮಿರ್ಚಿ ಕರಿಯುವವನನ್ನು ಕೇಳಿದೆ. “ನಿಂದರ್ಲಿ ಬಿಡ್ರಿ. ಐದು ವರ್ಷಕ್ಕೊಮ್ಮೆ ಆದ್ರೂ ಮಾರಿ ಕಾಣತೈತಿ” ಎಂದು ಜಾಲರಿ ಕೊಡವಿದ.

ಸೋಲನ್ನು ತಮ್ಮದೆಂದು ಒಪ್ಪಿ ಎದ್ದವರು ನಮ್ಮ ನೆರೆಯಲ್ಲೇ ಇದ್ದರು. 1565ರಲ್ಲಿ ಯುದ್ಧ ಸೋತ ಮೇಲೆ ತಿರುಮಲರಾಯ ಹಂಪಿಯ ಭಂಡಾರವನ್ನು ಆನೆಗಳ ಮೇಲೆ ಹೇರಿಕೊಂಡು ಅನಂತಪುರ ಸೀಮೆಯ ಪೆನುಕೊಂಡ ಸೇರಿದ, ಅಲ್ಲಿಂದ ಅರವೀಡು ವಂಶ ಮುಂದುವರಿಯಿತು. ಅದೇ ಸೀಮೆಯ ನೀಲಂ ಸಂಜೀವ ರೆಡ್ಡಿ ಭಂಡಾರವಿಲ್ಲದೆ ಹೋದವರು. 1969ರ ಜುಲೈಯಲ್ಲಿ ಕಾಂಗ್ರೆಸ್ ಅವರನ್ನು ರಾಷ್ಟ್ರಪತಿ ಅಭ್ಯರ್ಥಿ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಅದಕ್ಕಾಗಿ ಲೋಕಸಭೆಯ ಸ್ಪೀಕರ್ ಹುದ್ದೆ ಬಿಟ್ಟರು. ಆಗಸ್ಟಿನಲ್ಲಿ ಸ್ವಪಕ್ಷದ ಪ್ರಧಾನಿ ಇಂದಿರಾ ಗಾಂಧಿಯವರೇ ‘ಆತ್ಮಸಾಕ್ಷಿಯ ಮತ’ ಎಂದರು. ಎರಡನೇ ಪ್ರಾಶಸ್ತ್ಯದ ಮತ ಎಣಿಸಿದಾಗ ವಿ.ವಿ. ಗಿರಿ ಗೆದ್ದರು. 1971ರಲ್ಲಿ ಲೋಕಸಭೆಗೂ ಸೋತ ರೆಡ್ಡಿಯವರು ಊರಿಗೆ ಹೋಗಿ ಹೊಲ ನೋಡಿಕೊಂಡರು. ಯಾವ ಫ್ಲೆಕ್ಸಿನಲ್ಲೂ ಕೈ ಮುಗಿಯಲಿಲ್ಲ, ಮಗನನ್ನು ಮುಂದೆ ಬಿಡಲಿಲ್ಲ. 1977ರಲ್ಲಿ ನಂದ್ಯಾಲದಿಂದ ಗೆದ್ದರು, ಮತ್ತೆ ಸ್ಪೀಕರಾದರು, ಅದೇ ವರ್ಷ ಅವಿರೋಧವಾಗಿ ರಾಷ್ಟ್ರಪತಿಯಾದರು.

ಹಾಗಾಗಿ ಸೋತವರು ಮತ್ತೆ ನಿಲ್ಲಲಿ, ನಮ್ಮದೇನೂ ತಕರಾರಿಲ್ಲ. ಸೋಲು ಅನರ್ಹತೆಯಲ್ಲ. ಆದರೆ ಸೋತದ್ದು ತಾನೇ ಎಂದು ಒಪ್ಪಿಕೊಳ್ಳಲಿ, ಮಗನ ಹೆಗಲಿಗೋ ಗೆಳೆಯನ ತಲೆಗೋ ಕಟ್ಟದಿರಲಿ. ನಿಂತರಷ್ಟೇ ಸಾಲದು, ಕೆಲಸವೂ ಬೇಕು. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಗೆದ್ದವರೂ ಸೋತವರೂ ಡ್ಯಾಮಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಹರಿಯುವ ನೀರಿಗೆ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಇಳಿಸಿ ಹೊಲಕ್ಕೆ ನೀರುಳಿಸಿದವರು ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಿದ್ದ ಕೆಲಸಗಾರರು. ಮುಂದಿನ ಸಲ ಮನೆ ಬಾಗಿಲಿಗೆ ಬಂದವರಿಗೆ ಒಂದೇ ಪ್ರಶ್ನೆ ಹಾಕಿ: ಸೋತ ಮೇಲೆ ಐದು ವರ್ಷ ಎಲ್ಲಿದ್ದಿರಿ? ಸರಿಯಾದ ಉತ್ತರ ಬಂದರೆ ಮತ ಕೊಡಿ. ಕವರು ಬಂದರೆ ಬಾಗಿಲು ಹಾಕಿಕೊಳ್ಳಿ.