ಭಾವನ ಸಸ್ಪೆನ್ಸ್ ಖಾತೆ

ಹನುಮಂತನಗರದ ಅಕ್ಕನ ಮನೆಗೆ ಹೋಗುವವರಿಗೆ ಒಂದು ಕಿವಿಮಾತು: ಚಪ್ಪಲಿಯನ್ನು ವರಾಂಡದಲ್ಲಿ ಬಿಡಬೇಡಿ. ಬಿಟ್ಟರೆ ಹೊರಡುವಾಗ ಒಂದೇ ಸಿಗುತ್ತದೆ. ಅದಕ್ಕೂ ಉಂಗುಷ್ಟ ಇರುವುದಿಲ್ಲ. "ಬೇಜಾರು ಮಾಡ್ಕೋಬೇಡಪ್ಪ, ಪಾಪ, ಹಲ್ಲು ಬರ್ತಾ ಇದೆ" ಎನ್ನುತ್ತಾರೆ ಭಾವ. ನನ್ನ ಮಗನಿಗೆ ಹಲ್ಲು ಬಂದಾಗ ಇಷ್ಟು ಮರುಗಿದವರಲ್ಲ.

ಭಾವ 35 ವರ್ಷ ಬ್ಯಾಂಕಿನಲ್ಲಿ ದುಡಿದು ಮ್ಯಾನೇಜರಾಗಿ ನಿವೃತ್ತರಾದವರು. ಅಂಥವರು ಸಾಮಾನ್ಯವಾಗಿ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುತ್ತಾರೆ, ಇಲ್ಲವೇ ಬಡಾವಣೆ ಸಂಘದ ಕಾರ್ಯದರ್ಶಿಯಾಗಿ ಎಲ್ಲರ ಪ್ರಾಣ ಹಿಂಡುತ್ತಾರೆ. ಇವರು ಬೀದಿಯಿಂದ ಎತ್ತಿ ತಂದ ನಾಯಿಗಳನ್ನು, ಯಾರಾದರೂ ದತ್ತು ತೆಗೆದುಕೊಳ್ಳುವ ತನಕ ಸಾಕುತ್ತಾರೆ. ಆ ಬಳಗದವರು ಇದನ್ನು 'ಫಾಸ್ಟರ್ ಮಾಡೋದು' ಅಂತಾರೆ. ಭಾವನ ಭಾಷೆ ಬೇರೆ: "ಯಾರದ್ದು ಅಂತ ಗೊತ್ತಾಗದ ದುಡ್ಡು ಬಂದ್ರೆ ಬ್ಯಾಂಕಲ್ಲಿ ಎಲ್ಲಿಡ್ತೀವಿ? ಸಸ್ಪೆನ್ಸ್ ಖಾತೇಲಿ. ಇದೂ ಅಷ್ಟೇ. ಹದಿನೈದೇ ದಿನ!"

"ನಮ್ಮ ರಸ್ತೆ ಅಗೆದವರೂ ಹೀಗೇ ಹೇಳಿದ್ರು" ಎನ್ನುತ್ತಾಳೆ ಅಕ್ಕ.

ನೆಂಟರಿಗೆಂದು ಕಟ್ಟಿಸಿದ ಬಚ್ಚಲುಮನೆ ಈಗ ಐಸೋಲೇಷನ್ ವಾರ್ಡು. ಹೊಸ ಮರಿ ಬಂದರೆ ಎರಡು ವಾರ ಅಲ್ಲೇ ವಾಸ. ಪಾರ್ವೊ ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಮಾಮೂಲಿ ಫಿನಾಯಿಲಿಗೆಲ್ಲ ಜಗ್ಗದ ಆ ವೈರಸ್ಸು ತಿಂಗಳುಗಟ್ಟಲೆ ನೆಲ ಬಿಟ್ಟು ಏಳುವುದಿಲ್ಲವಂತೆ. ಹಾಗಾಗಿ ಭಾವ ಬ್ಲೀಚ್ ಬೆರೆಸಿದ ನೀರಿನ ಬಕೆಟ್ ಹಿಡಿದೇ ಓಡಾಡುತ್ತಾರೆ. ಮದುವೆಯಾಗಿ 38 ವರ್ಷವಾದ ಮೇಲೆ ಅವರು ನೆಲ ಒರೆಸಿದ್ದನ್ನು ಅಕ್ಕ ನೋಡಿದ್ದು ಇದೇ ಮೊದಲು. "ನಾನೂ ಬೀದೀಲೇ ಸಿಕ್ಕಿದ್ರೆ ಚೆನ್ನಾಗಿತ್ತು" ಎಂದಳು.

ಭಾವನೊಳಗಿನ ಮ್ಯಾನೇಜರು ಹೊರಬರುವುದು ಮಾತ್ರ ದತ್ತು ಕೇಳಿಕೊಂಡು ಬಂದವರ ಎದುರು. ಕಾಫಿ ಮುಗಿಯುವುದನ್ನೂ ಕಾಯದೆ ಕೆವೈಸಿ ಶುರು. ಸ್ವಂತ ಮನೆಯೋ, ಬಾಡಿಗೆಯೋ? ಬಾಡಿಗೆಯಾದರೆ ಓನರ್ ಒಪ್ಪಿಗೆ ಪತ್ರ ಎಲ್ಲಿ? ಬಾಲ್ಕನಿಗೆ ಗ್ರಿಲ್ ಇದೆಯಾ? ಊರಿಗೆ ಹೋದರೆ ಯಾರು ನೋಡ್ಕೋತಾರೆ? "ಆರು ತಿಂಗಳಾದ್ಮೇಲೆ ಸಂತಾನಹರಣ ಚಿಕಿತ್ಸೆಗೆ ಒಪ್ಪಿಗೆ ಇದೆ ಅಂತ ಇಲ್ಲೊಂದು ಸಹಿ ಹಾಕಿ." ಹೊಸದಾಗಿ ಮದುವೆಯಾಗಿದ್ದ ಹುಡುಗನೊಬ್ಬ ಪೆನ್ನು ಕೆಳಗಿಟ್ಟು, "ಯಾರಿಗೆ ಸಾರ್?" ಎಂದು ಗಾಬರಿಯಿಂದ ಕೇಳಿದ.

"ಯಾವ ಜಾತಿ ನಾಯಿ?" ಎಂದವರಿಗೆ ಸಾಲ ಮಂಜೂರಾಗುವುದು ಕಷ್ಟ. "ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು ಸ್ವಾಮಿ, ಇವನದ್ದು ಪೆಂಡಿಂಗ್ ಇದೆ" ಎಂದು ಬಾಗಿಲ ತನಕ ಹೋಗಿ ಕಳಿಸಿ ಬರುತ್ತಾರೆ.

ಪರೀಕ್ಷೆಯಲ್ಲಿ ಪಾಸಾದವರು ಮರಿಯನ್ನು ಮಡಿಲಲ್ಲಿಟ್ಟುಕೊಂಡು ಹೊರಟರೆ ಭಾವ ಗೇಟಿನಲ್ಲಿ ಬೆನ್ನು ತಿರುಗಿಸಿ ನಿಂತು ಕನ್ನಡಕ ಒರೆಸುತ್ತಾರೆ. ಒಂದನ್ನಾದರೂ ಇಟ್ಟುಕೊಳ್ಳಬಾರದೇ ಎಂದರೆ, "ಇಟ್ಕೊಂಡ್ರೆ ಮುಂದಿನದಕ್ಕೆ ಜಾಗ ಎಲ್ಲಪ್ಪಾ?" ಎನ್ನುತ್ತಾರೆ. ಮೂರನೇ ದಿನ ಯಲಹಂಕಕ್ಕೋ ಕೆಂಗೇರಿಗೋ ಬಸ್ಸು ಹತ್ತುತ್ತಾರೆ. ಸಾಲ ಕೊಟ್ಟ ಮೇಲೆ ಇನ್‌ಸ್ಪೆಕ್ಷನ್ ಆಗಬೇಡವೇ!

ಈ ಲೆಕ್ಕವೆಲ್ಲ ತಪ್ಪಿದ್ದು ಕರಿಯನ ವಿಷಯದಲ್ಲಿ. ಭೈರವನ ಗುಡಿಗೆ ಹೋದರೆ ದೇವರ ನಾಯಿಗೂ ಕೈಮುಗಿದು ಬರುವ ಜನ, ಮನೆಗೆ ಕರೆದೊಯ್ಯುವಾಗ "ಕಪ್ಪು ಬೇಡ" ಎಂದರು. ಬಂದವರೆಲ್ಲ ಬಿಳಿ, ಕಂದು ಮರಿಗಳನ್ನು ಆರಿಸಿಕೊಂಡು ಹೋದರು. ಕರಿಯನ ಹದಿನೈದು ದಿನ ಮುಗಿಯಲೇ ಇಲ್ಲ. "ದಂಡಪಿಂಡ" ಎಂದು ಬೈಯುತ್ತಲೇ ಅಕ್ಕ ಮೊದಲ ಚಪಾತಿಯನ್ನು ಅವನ ತಟ್ಟೆಗೆ ಹಾಕತೊಡಗಿದಳು.

ಕಳೆದ ತಿಂಗಳು ಅವನ ವಾರ್ಷಿಕ ರೇಬೀಸ್ ಚುಚ್ಚುಮದ್ದಿಗೆ ನನ್ನ ಕಾರಿನಲ್ಲೇ ಹೋದೆವು. ಪಾಸ್‌ಬುಕ್ಕಿನಂತೆ ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಲಸಿಕೆ ಕಾರ್ಡನ್ನು ಭಾವ ಮುಂದಿಟ್ಟರು. ಕಾಂಪೌಂಡರ್ ತಿರುವಿ ನೋಡಿ, "ಮಾಲೀಕರ ಹೆಸರು ಖಾಲಿ ಇದೆಯಲ್ಲ ಸಾರ್?" ಎಂದ.

"ಅದು... ತಾತ್ಕಾಲಿಕ" ಎಂದು ಭಾವ ಪೆನ್ಸಿಲ್ ಹುಡುಕತೊಡಗಿದರು. ಅಕ್ಕ ಅವರ ಜೇಬಿನಿಂದಲೇ ಪೆನ್ನು ಕಿತ್ತುಕೊಂಡು, ಇನಿಷಿಯಲ್ ಸಮೇತ ತನ್ನ ಹೆಸರು ಬರೆದಳು.

"ಪೆನ್ನಲ್ಲಿ ಬರೆದುಬಿಟ್ಯಲ್ಲೇ!"

"ಸಸ್ಪೆನ್ಸ್ ಖಾತೆ ಮಾರ್ಚಿಗೆ ಮುಂಚೆ ಕ್ಲಿಯರ್ ಆಗ್ಬೇಕು ಅಂತ ಮನೆಗೂ ಬರದೆ ರಾತ್ರಿಯೆಲ್ಲ ಬ್ಯಾಂಕಲ್ಲಿ ಕೂತಿರ್ತಿದ್ದೋರು ಯಾರ್ರೀ?"

ಭಾವ ಕನ್ನಡಕ ತೆಗೆದು ಒರೆಸತೊಡಗಿದರು. ಕರಿಯ ಬೆಂಚಿನ ಕೆಳಗೆ ನೆಮ್ಮದಿಯಾಗಿ ನನ್ನ ಚಪ್ಪಲಿ ಅಗಿಯುತ್ತಿದ್ದ. ಅವನಿಗೆ ಹಲ್ಲೆಲ್ಲ ಬಂದು ಎಷ್ಟೋ ತಿಂಗಳಾಯಿತು.